ಗದ್ದ ಕೊಡುವ ಓಣಿ

ಗಾಳಿ ಓಣಿ, ಗದಗ
ಫೆಬ್ರವರಿ ೩೦, ೨೨೧೪

ನಮಗಿಂತ ಮೊದಲು ಬದುಕುತ್ತಿರುವ ಹಿರಿಯರಿಗೆ,

ತಾರೀಖು ನೋಡಿ, ಬರೆದವಳಿಗೆ ಅರಳುಮರಳು ಎಂದು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳನ್ನು ವರ್ಷದ ಕೊನೆಗೆ ಒಟ್ಟು ಹಾಕಿ, ಅವಕ್ಕೆ ತಾರೀಖನ್ನೇ ಕೊಡದೆ, ಮನೆಗೆ ಸುಣ್ಣ ಬಳಿಯುವುದಕ್ಕೂ ಹಳೆಯ ಜಗಳ ಬಗೆಹರಿಸುವುದಕ್ಕೂ ಬಿಟ್ಟುಕೊಂಡಿದ್ದೇವೆ. ಸುಣ್ಣದ ಕೆಲಸ ಮುಗಿಯುತ್ತದೆ, ಜಗಳ ಮುಂದಿನ ವರ್ಷಕ್ಕೆ ಹೋಗುತ್ತದೆ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಗೊತ್ತಿಲ್ಲದ ಮಾತು ಬಂದಲ್ಲಿ ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಮೊದಲನೆಯದು ಈ ಕಾಗದದ ಹೆಸರೇ. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಅರವತ್ತು ದಾಟಿದವರು ಜೀವಮಾನದಲ್ಲಿ ಒಂದು ಸಲ ಹಿಂದಿನವರಿಗೆ ಕಾಗದ ಬರೆಯಬೇಕೆಂಬುದು ನಮ್ಮ ರೂಢಿ. ಅದು ತಲುಪುವುದಿಲ್ಲ ಎಂದು ಬರೆಯುವವರಿಗೂ ಗೊತ್ತು, ಅಂಚೆಯವರಿಗೂ ಗೊತ್ತು. ಆದರೂ ಅಂಚೆಯವರು ಗಂಭೀರವಾಗಿ ಮುದ್ರೆ ಒತ್ತಿ ತೆಗೆದುಕೊಳ್ಳುತ್ತಾರೆ. ಹೆಚ್ಚಿನವರು ಹಿಂದಿನವರನ್ನು ಹೊಗಳಿ ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಹೊಗಳುವ ಚಟ ಇಲ್ಲ. ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ.

ನನ್ನ ಹೆಸರು ಕಳಕವ್ವ. ಈ ಓಣಿಯ ಕೊರಳಕ್ಕ ನಾನು. ನೀವು ಫಿಸಿಯೋಥೆರಪಿ ಎನ್ನುತ್ತೀರಲ್ಲ, ಅದರಲ್ಲಿ ಕುತ್ತಿಗೆಯಷ್ಟನ್ನೇ ಕಲಿತು ಓಣಿಗೊಬ್ಬರಂತೆ ಕೂತವರಿಗೆ ಈ ಹೆಸರು. ಗಂಡಸಾದರೆ ಕೊರಳಣ್ಣ. ನನ್ನ ಕೋಣೆಯಲ್ಲಿ ಯಂತ್ರವಿಲ್ಲ, ಔಷಧವಿಲ್ಲ. ಒಂದು ನುಣುಪಾದ ಗೋಡೆ, ಒಂದು ಚಾಪೆ, ಸುರುಳಿ ಸುತ್ತಿದ ಟವೆಲ್ಲು, ಅಗಲವಾದ ಬಾಗಿಲು, ಇಷ್ಟೇ. ಬಂದವರನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತೇನೆ. ಹಿಮ್ಮಡಿ ತಾಗುತ್ತದೆ, ಬೆನ್ನು ತಾಗುತ್ತದೆ, ತಲೆಯ ಹಿಂಭಾಗ ಮಾತ್ರ ತಾಗುವುದಿಲ್ಲ. ಆ ಸಂದಿನಲ್ಲಿ ಕೈ ಹಾಕಿ ನೋಡಿದರೆ ಕಾಯಿಲೆ ಎಷ್ಟೆಂದು ತಿಳಿಯುತ್ತದೆ. ಬೆರಳು ಹೋದರೆ ಬೈದು ಕಳಿಸುತ್ತೇನೆ, ಮುಷ್ಟಿ ಹೋದರೆ ಚಾಪೆಯ ಮೇಲೆ ಮಲಗಿಸುತ್ತೇನೆ. ಕುತ್ತಿಗೆಯ ಕೆಳಗೆ ಸುರುಳಿ ಇಟ್ಟು, ಗದ್ದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಆ ಸುರುಳಿಯನ್ನು ಒತ್ತಲು ಹೇಳುತ್ತೇನೆ. ಆಮೇಲೆ ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಊರಿಸಿ ಎದೆಯನ್ನು ಮುಂದೆ ಮಾಡಿಸುತ್ತೇನೆ. ಎದೆಯ ಸ್ನಾಯು ಬಿಗಿದವರ ಭುಜ ಮುಂದಕ್ಕೆ ಬಂದು, ಬರುವಾಗ ತಲೆಯನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಹೆಗಲಿನ ಎರಡು ಹಲಗೆಗಳನ್ನು ಬೆನ್ನ ಹಿಂದೆ ಹತ್ತಿರ ತರಿಸುತ್ತೇನೆ. ಕಿವಿಯನ್ನು ಭುಜದ ಕಡೆಗೆ ಬಾಗಿಸಿ ಪಕ್ಕದ ಸೆಳೆತ ಬಿಡಿಸುತ್ತೇನೆ. ನೋವು ತೋಳಿಗೆ ಇಳಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಕೈಯ ಬಲವೇ ಕುಂದಿದವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಇದರಲ್ಲಿ ಯಾವುದೂ ನಮ್ಮ ಶೋಧವಲ್ಲ. ಎಲ್ಲವೂ ನಿಮ್ಮದೇ. ನೀವು ಕಲಿತು, ಮಾಡದೆ ಬಿಟ್ಟದ್ದರಿಂದ ನಮ್ಮ ಕೈಗೆ ಹೊಚ್ಚ ಹೊಸದಾಗಿಯೇ ಬಂದು ಸೇರಿದೆ.

ನಿಮ್ಮ ಕಾಲವನ್ನು ನಮ್ಮ ಶಾಲೆಗಳಲ್ಲಿ ಬಾಗುಗಾಲ ಎಂದು ಕಲಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಹೆಸರಿಟ್ಟವಳು ನಾನಲ್ಲ. ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ, ಊಟದ ಎಲೆಯ ಮುಂದೆ, ಅಂಗೈಯ ಫೋನಿಗೆ ಮುಖ ಹಾಕಿ ಕೂತ ನಿಮ್ಮ ಚಿತ್ರಗಳನ್ನು ನೋಡಿದ ಮಕ್ಕಳು, ಇವರೆಲ್ಲ ಏನು ಕಳೆದುಕೊಂಡು ಹುಡುಕುತ್ತಿದ್ದಾರೆ ಎಂದು ಕೇಳುತ್ತವೆ. ನಿಮ್ಮ ನಂತರ ಬಂದ ತಲೆಮಾರಿನವರಿಗೆ ನಲವತ್ತಕ್ಕೇ ಕೈ ಜೋಮು ಹಿಡಿದು, ಕುಡಿಯುವ ಲೋಟ ಜಾರಿ ಬೀಳುತ್ತಿತ್ತಂತೆ. ಅವರ ಪಾಡು ಕಂಡು ನಾವು ಬಾಗದ ಬದುಕೊಂದನ್ನು ಕಟ್ಟಿಕೊಂಡಿದ್ದೇವೆ. ನಮ್ಮ ಎದುರುಹಲಗೆ, ಅಂದರೆ ನಿಮ್ಮ ಫೋನಿನ ಮರಿಮಗಳು, ಕಣ್ಣಿನ ಮಟ್ಟಕ್ಕೆ ಹಿಡಿದರೆ ಮಾತ್ರ ಬೆಳಗುತ್ತದೆ. ಒಂದು ಗೇಣು ಕೆಳಗಿಳಿಸಿದರೆ ಕಪ್ಪಾಗಿ ಮುನಿಸಿಕೊಳ್ಳುತ್ತದೆ. ಶಾಲೆಯಲ್ಲಿ ಪುಸ್ತಕಗಳನ್ನು ನೇತುಹಾಕಿ ಓದಿಸುತ್ತಾರೆ. ದರ್ಜಿಯ ಮೇಜು ಎದೆಯ ಎತ್ತರಕ್ಕಿದೆ. ಮನೆಮನೆಯಲ್ಲಿ ಅಡುಗೆ ಮಾಡುವುದನ್ನು ಬಿಟ್ಟು ಓಣಿಗೆ ಒಂದು ಒಲೆಮನೆ ಕಟ್ಟಿಕೊಂಡಿದ್ದೇವೆ. ಅಲ್ಲಿ ಒಲೆಗಳು ಸೊಂಟದಿಂದ ಮೇಲಿವೆ, ನಿಂತುಕೊಂಡೇ ರೊಟ್ಟಿ ಬಡಿಯಬಹುದು. ರಂಗೋಲಿಯನ್ನು ನೆಲದ ಮೇಲಲ್ಲ, ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಯುತ್ತೇವೆ. ಅದನ್ನು ಕೋಳಿ ಕೆದಕುವುದಿಲ್ಲ ಎಂಬುದು ಇನ್ನೊಂದು ಲಾಭ.

ಇದೆಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ನಮ್ಮ ನಮಸ್ಕಾರ. ನಿಮ್ಮ ಮಕ್ಕಳ ಕಾಲದಲ್ಲಿ ಯಾವುದೋ ಹೊಲಿಗೆ ಕಾರ್ಖಾನೆಯ ಹೆಂಗಸರಿಗೆ ಒಬ್ಬ ಫಿಸಿಯೋಥೆರಪಿಸ್ಟ್ ಈ ಗದ್ದ ಹಿಂದಕ್ಕೆ ಎಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟರಂತೆ. ತಾಸಿಗೊಮ್ಮೆ ಮಾಡಿ ಎಂದರೆ ಒಬ್ಬರಿಗೂ ನೆನಪಾಗಲಿಲ್ಲ. ಕೊನೆಗೆ ಆ ಪುಣ್ಯಾತ್ಮರು, ಒಬ್ಬರಿಗೊಬ್ಬರು ಎದುರಾದಾಗ ಕೈ ಮುಗಿಯುವ ಬದಲು ಇದನ್ನೇ ಮಾಡಿ ಎಂದರಂತೆ. ವ್ಯಾಯಾಮ ಮರೆಯುವ ಜನ ನಮಸ್ಕಾರ ಮರೆಯುವುದಿಲ್ಲವಲ್ಲ. ಮರೆತರೆ ಎದುರಿನವರು ಮುಖ ಊದಿಸಿಕೊಳ್ಳುತ್ತಾರೆ. ಕಾರ್ಖಾನೆಯಿಂದ ಅದು ಮನೆಗಳಿಗೆ ಬಂತು, ಮನೆಗಳಿಂದ ಸಂತೆಗೆ, ಶಾಲೆಗೆ, ಕಚೇರಿಗೆ ಹೋಯಿತು. ಈಗ ನಮ್ಮಲ್ಲಿ ಕೈ ಮುಗಿಯುವುದು ದೇವರಿಗೆ ಮಾತ್ರ. ಮನುಷ್ಯರಿಗೆ ಗದ್ದ ಕೊಡುತ್ತೇವೆ.

ಚಿಕ್ಕವರು ಗದ್ದ ಕೊಡುತ್ತಾರೆ, ದೊಡ್ಡವರು ಗದ್ದ ತೆಗೆದುಕೊಳ್ಳುತ್ತಾರೆ. ಕೊಡುವವರು ಗದ್ದವನ್ನು ಎದೆಗೆ ತಾಗುವಂತೆ ಇಳಿಸಿ, ಎದುರಿನವರು ತೆಗೆದುಕೊಳ್ಳುವ ತನಕ ಹಾಗೇ ನಿಲ್ಲಬೇಕು. ತೆಗೆದುಕೊಳ್ಳುವವರು ತಲೆ ನೆಟ್ಟಗಿಟ್ಟು ಗದ್ದವನ್ನು ಹಿಂದಕ್ಕೆ ಸರಿಸುತ್ತಾರೆ, ಅಷ್ಟೇ. ಇದಕ್ಕೊಂದು ಕಟ್ಟಳೆ ಇದೆ. ಇದ್ದ ಜಾಗದಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರೊಬ್ಬರೇ ತೆಗೆದುಕೊಳ್ಳಬೇಕು. ಅವರು ಕೂತಿರುವಾಗ ಉಳಿದವರು, ಎಷ್ಟೇ ವಯಸ್ಸಾಗಿರಲಿ, ತಮಗೆ ಗದ್ದ ಕೊಟ್ಟವರಿಗೆ ತಿರುಗಿ ಗದ್ದ ಕೊಟ್ಟೇ ತೀರಿಸಬೇಕು. ಹಿರಿಯರ ಕಣ್ಣೆದುರು ತೆಗೆದುಕೊಂಡರೆ ಆ ಹಿರಿಯರು ಇಲ್ಲ ಎಂದು ಸಾರಿದ ಹಾಗೆ. ತಂದೆ ತೀರಿದ ಮನೆಯಲ್ಲಿ ಕರ್ಮಗಳೆಲ್ಲ ಮುಗಿದ ಮೇಲೆ ಹಿರಿಮಗ ಮೊದಲ ಸಲ ಗದ್ದ ತೆಗೆದುಕೊಳ್ಳುವುದನ್ನು ನೋಡಿ ಹೆಂಗಸರು ಎದೆ ಒಡೆದು ಅಳುತ್ತಾರೆ. ಹೆಣ ಎತ್ತುವಾಗ ಅಳದವರೂ ಆಗ ಅಳುತ್ತಾರೆ.

ಇಷ್ಟೆಲ್ಲ ವ್ಯವಸ್ಥೆ ಇದ್ದೂ ನನ್ನ ಕೋಣೆ ಎಂದೂ ಖಾಲಿ ಇರಲಿಲ್ಲ. ಫೋನಿಲ್ಲ, ಬಗ್ಗಿ ಮಾಡುವ ಕೆಲಸವಿಲ್ಲ, ಹಗಲೆಲ್ಲ ನಮಸ್ಕಾರದ ಹೆಸರಿನಲ್ಲಿ ವ್ಯಾಯಾಮ. ಮತ್ತೆ ಈ ಕುತ್ತಿಗೆಗಳಿಗೆ ಏನು ಬಂದಿದೆ ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ. ಕೊರಳಕ್ಕಂದಿರ ಸಭೆಯಲ್ಲಿ ಒಂದು ವರ್ಷ ದಿಂಬಿನ ಮೇಲೆ ತಪ್ಪು ಹೊರಿಸಿದರು. ಮರುವರ್ಷ ಗದಗಿನ ಗಾಳಿಯ ಮೇಲೆ ಹೊರಿಸಿದರು. ಗಾಳಿ ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ, ಹಾಗಾಗಿ ಆ ಮಾತು ಬಹಳ ದಿನ ನಿಂತಿತು.

ಆಮೇಲೆ ಕಾಯಿಲೆ ನನ್ನ ಮನೆಗೇ ಬಂತು. ನಮ್ಮವರ ಹೆಸರು ಅಂದಾನಪ್ಪ. ಗಂಡನ ಹೆಸರು ಬರೆದಳಲ್ಲ ಎಂದು ನಿಮ್ಮಲ್ಲಿ ಯಾವ ಅಜ್ಜಿಯಾದರೂ ಮೂಗು ಮುರಿದರೆ ಮುರಿಯಲಿ. ಅವರು ಒಲೆಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಅವರು ಎರಡೂ ಕೈಯಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದರೆ ಓಣಿಯ ಕೂಸುಗಳು ಆ ಸದ್ದಿಗೇ ಹಸಿದು ಏಳುತ್ತವೆ. ಹೆಂಚಿನ ಮೇಲೆ ಹಾಕಿ, ನೀರು ಸವರಿ, ಅಂಚನ್ನು ಹೆಬ್ಬೆರಳು ತೋರುಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ ತಿರುವಿ ಹಾಕುತ್ತಾರೆ. ರೊಟ್ಟಿ ತಿರುವುವ ಹೊತ್ತನ್ನು ಅವರಿಗೆ ಹೇಳುವುದು ಕಣ್ಣಲ್ಲ, ಆ ಎರಡು ಬೆರಳು. ಅವರ ತಾಯಿ ಫಕ್ಕೀರವ್ವ, ನನ್ನ ಅತ್ತೆ, ತೊಂಬತ್ತು ದಾಟಿದವರು, ಈ ಓಣಿಗೇ ಹಿರಿಯರು. ದಿನವಿಡೀ ಮಗನ ಒಲೆಯ ಪಕ್ಕ ಎತ್ತರದ ಕುರ್ಚಿ ಹಾಕಿಸಿಕೊಂಡು ಕೂತು, ಯಾರ ರೊಟ್ಟಿ ದಪ್ಪ, ಯಾರ ರೊಟ್ಟಿ ಹರುಕು ಎಂದು ತೀರ್ಪು ಕೊಡುತ್ತಾರೆ. ಒಲೆಮನೆಗೆ ಬಂದವರೆಲ್ಲ ಅವರಿಗೆ ಗದ್ದ ಕೊಡುತ್ತಾರೆ. ನಮ್ಮವರಿಗೂ ಕೊಡುತ್ತಾರೆ. ತಾಯಿ ಎದುರಿಗೆ ಕೂತಿರುವುದರಿಂದ ನಮ್ಮವರು ಒಬ್ಬೊಬ್ಬರಿಗೂ ಗದ್ದ ಎದೆಗಿಟ್ಟು ತಿರುಗಿ ಕೊಡುತ್ತಾರೆ.

ಕಳೆದ ವರ್ಷ ಅವರ ಬಲಗೈಯ ಆ ಎರಡು ಬೆರಳು ಜೋಮು ಹಿಡಿದವು. ಅವರು ನನಗೆ ಹೇಳಲಿಲ್ಲ. ಕೊರಳಕ್ಕನ ಗಂಡನಿಗೇ ಕುತ್ತಿಗೆ ಬೇನೆ ಎಂದರೆ ಜನ ನಗುತ್ತಾರೆಂದು ಮುಚ್ಚಿಟ್ಟುಕೊಂಡರಂತೆ. ನನಗೆ ತಿಳಿದದ್ದು ರೊಟ್ಟಿಯಿಂದ. ಅವರ ರೊಟ್ಟಿಯ ಮೇಲೆ ಕರಿ ಕಲೆ ಬೀಳತೊಡಗಿತು. ಕೂರಿಸಿ ಪರೀಕ್ಷೆ ಮಾಡಿದೆ. ಕುತ್ತಿಗೆಯ ಐದನೇ ಆರನೇ ಮಣಿಗಳ ನಡುವೆ ಹೊರಡುವ ನರ ಒತ್ತಿಕೊಂಡರೆ ಹೀಗೆ ಈ ಎರಡು ಬೆರಳುಗಳೇ ಸತ್ತಂತಾಗುತ್ತವೆ. ದೊಡ್ಡ ಆಸ್ಪತ್ರೆಯ ಡಾಕ್ಟರೂ ಅದನ್ನೇ ಹೇಳಿದರು: ಬಲ ಇನ್ನೂ ಇದೆ, ಬರುವ ಯುಗಾದಿಯ ತನಕ ವ್ಯಾಯಾಮ ಮಾಡಿಸಿ, ಆಗಲಿಲ್ಲವೆಂದರೆ ಕೊಯ್ಯಬೇಕು, ಕೊಯ್ದರೂ ಸ್ಪರ್ಶ ಬಂದೇ ಬರುತ್ತದೆಂದು ಮಾತು ಕೊಡಲಾರೆ. ನಮ್ಮವರು ತಲೆ ಆಡಿಸಿ ಎದ್ದು ಬಂದರು. ದಾರಿಯಲ್ಲಿ ಒಂದೇ ಮಾತು ಹೇಳಿದರು: “ಬೆರಳು ಹೋದ್ರ ಒಲಿ ಮುಂದ ನಿಂತು ನಾ ಏನ್ ಮಾಡ್ಲಿ?”

ದಿನಾ ಬೆಳಗ್ಗೆ ನನ್ನ ಕಣ್ಣೆದುರೇ ಎಲ್ಲ ವ್ಯಾಯಾಮ ಮಾಡಿಸಿದೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ಅವಕಾಶ ಕೊಡಲಿಲ್ಲ. ಗೋಡೆಯ ಬಳಿ ನಿಂತರೆ ಬೆಳಗ್ಗೆ ಸಂದು ಕಡಿಮೆಯಾಗಿರುತ್ತಿತ್ತು, ಸಂಜೆ ಬಂದು ನಿಂತರೆ ಮತ್ತೆ ಮುಷ್ಟಿ ಹೋಗುತ್ತಿತ್ತು. ಹಗಲು ಹೊತ್ತು ಏನೋ ಆಗುತ್ತಿದೆ ಎಂದು ಒಲೆಮನೆಗೇ ಹೋಗಿ ಮೂಲೆಯಲ್ಲಿ ನಿಂತು ನೋಡಿದೆ. ರೊಟ್ಟಿ ಬಡಿಯುವಾಗ ಅವರು ಬಾಗುತ್ತಿರಲಿಲ್ಲ. ಒಬ್ಬರು ಬಂದು ಗದ್ದ ಕೊಟ್ಟರು, ಇವರು ಬಾಗಿದರು. ಇನ್ನೊಬ್ಬರು ಬಂದರು, ಬಾಗಿದರು. ಬಾಗಿದಾಗೊಮ್ಮೆ ಎಡಗೈಯಿಂದ ಬಲ ಭುಜ ಒತ್ತಿಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಪಕ್ಕದ ಮನೆಯ ಹೊಸ ಸೊಸೆ ಶಿವಗಂಗಾ ಬಂದಳು. ಇಪ್ಪತ್ತೈದೂ ತುಂಬದ ಹುಡುಗಿ, ಎರಡು ತಿಂಗಳಿಂದ ಕುತ್ತಿಗೆ ನೋವಿಗೆಂದು ನನ್ನ ಚಾಪೆಯ ಮೇಲೆ ಮಲಗುತ್ತಿದ್ದವಳು. ಅವಳು ಓಣಿಯ ಸೊಸೆಯರಲ್ಲೇ ಕಿರಿಯಳು. ಒಲೆಮನೆಯ ಬಾಗಿಲಿಂದ ಒಳಗಿನ ತನಕ ಎದುರಾದವರಿಗೆಲ್ಲ ಗದ್ದ ಎದೆಗಿಳಿಸುತ್ತಾ, ಇಳಿಸುತ್ತಾ ಬಂದಳು. ಎಲ್ಲರಿಂದಲೂ ಗದ್ದ ತೆಗೆದುಕೊಳ್ಳುತ್ತಾ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ತೊಂಬತ್ತರ ಮೇಲಿನ ಆ ಮುದುಕಿಯ ಕುತ್ತಿಗೆ ಇಡೀ ಒಲೆಮನೆಯಲ್ಲಿ ಎಲ್ಲರಿಗಿಂತ ನೆಟ್ಟಗಿತ್ತು.

ಅಂದು ಮಧ್ಯಾಹ್ನ ಏನೋ ನೆಪ ಹೇಳಿ ಅತ್ತೆಯನ್ನು ನನ್ನ ಗೋಡೆಗೆ ನಿಲ್ಲಿಸಿದೆ. ಹಿಂದಲೆ ಹೋಗಿ ಗೋಡೆಗೆ ಅಂಟಿತು. ಹಾಳೆ ತೂರಿಸಲೂ ಜಾಗವಿರಲಿಲ್ಲ. ಅವರು ಜನ್ಮದಲ್ಲಿ ಒಂದು ದಿನ ವ್ಯಾಯಾಮ ಮಾಡಿದವರಲ್ಲ. ಮಾಡಿದ್ದು ಒಂದೇ ಕೆಲಸ, ಹಿರಿಯರಾಗಿ ಗದ್ದ ತೆಗೆದುಕೊಂಡದ್ದು. ಆಗ ನನಗೆ ಹೊಳೆಯಿತು. ನಿಮ್ಮ ವ್ಯಾಯಾಮವನ್ನು ನಾವು ಕಳೆದುಕೊಂಡಿರಲಿಲ್ಲ. ಗದ್ದವನ್ನು ಹಿಂದಕ್ಕೆ ಎಳೆಯುವ ಆ ಅಸಲು ವ್ಯಾಯಾಮವನ್ನು ಮರ್ಯಾದೆಯೆಂದು ಹಿರಿಯರಿಗೆ ಒಪ್ಪಿಸಿ, ನಮಗೆ ಬಾಗುವುದನ್ನು ಉಳಿಸಿಕೊಂಡಿದ್ದೆವು. ಮೊದಲು ಎಲ್ಲರೂ ಸಮನಾಗಿಯೇ ಮಾಡುತ್ತಿದ್ದಿರಬೇಕು. ಯಾವಳೋ ಒಬ್ಬ ಸೊಸೆ ಅತ್ತೆಯ ಮುಂದೆ ಅಷ್ಟು ನೆಟ್ಟಗೆ ನಿಲ್ಲಲು ನಾಚಿ ಗದ್ದವನ್ನು ಒಂದು ಬೆರಳು ಕೆಳಗಿಳಿಸಿರಬೇಕು. ಅತ್ತೆಗೆ ಅದು ಚೆನ್ನಾಗಿ ಕಂಡಿರಬೇಕು. ಅವಳ ನೆರೆಮನೆಯ ಸೊಸೆ ಹೋಲಿಕೆಗೆ ಹೆದರಿ ಎರಡು ಬೆರಳು ಇಳಿಸಿರಬೇಕು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹಿರಿಯರ ಮುಂದೆ ನೆಟ್ಟಗೆ ನಿಲ್ಲುವುದು ಸೊಕ್ಕು ಎಂಬುದು ನಮ್ಮ ಜನದ ಮೈಯಲ್ಲೇ ಇದೆ. ಯಂತ್ರಗಳಿಂದ ಬಾಗುವುದನ್ನು ತಪ್ಪಿಸಿಕೊಂಡೆವು, ಮರ್ಯಾದೆಯಿಂದ ಬಾಗುವುದು ಕಣ್ಣಿಗೇ ಬೀಳಲಿಲ್ಲ.

ಸಂಜೆ ನಮ್ಮವರು ಮನೆಗೆ ಬಂದ ಕೂಡಲೇ ಎಲ್ಲ ಹೇಳಿದೆ. ಒಲೆಮನೆಯಲ್ಲಿ ಯಾರು ಗದ್ದ ಕೊಟ್ಟರೂ ತೆಗೆದುಕೊಳ್ಳಿ, ತಿರುಗಿ ಕೊಡಬೇಡಿ, ಅದೇ ನಿಮ್ಮ ಔಷಧ ಎಂದೆ. ಅವರು ಸಿಟ್ಟಾಗುವ ಮನುಷ್ಯರಲ್ಲ. ಅಂದು ಗದರಿಯೇಬಿಟ್ಟರು. “ಅವ್ವ ಎದುರಿಗೆ ಕುಂತಾಗ ನಾ ಗದ್ದ ತಗೊಂಡ್ರ ಆಕಿನ್ನ ನಾನಽ ಕಳಿಸಿಕೊಟ್ಟಂಗ ಆಕ್ಕತಿ. ಬೆರಳು ಹೋದ್ರ ಹೋಗ್ಲಿ. ಇನ್ನೊಮ್ಮಿ ಈ ಮಾತು ಎತ್ತಬ್ಯಾಡ.” ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ಏಕೆಂದರೆ ಅವರ ಮಾತು ತಪ್ಪು ಎಂದು ನನ್ನ ಮನಸ್ಸು ಪೂರ್ತಿಯಾಗಿ ಹೇಳಲಿಲ್ಲ. ನಾನೂ ಇದೇ ಓಣಿಯಲ್ಲಿ ಬೆಳೆದವಳು. ಅತ್ತೆಗೆ ಹೇಳಿ ಒಲೆಮನೆಗೆ ಬರಬೇಡಿ ಎನ್ನಲೇ ಎಂದು ಯೋಚಿಸಿದೆ. ಆ ಕುರ್ಚಿ ತಪ್ಪಿಸಿದರೆ ಅವರು ಉಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡು ಚಾಪೆ, ಟವೆಲ್ಲು, ಗೋಡೆ ಎಂದು ಕಾಲ ತಳ್ಳಿದೆ.

ವಿಷಯ ಹೊರಗೆ ಬಂದದ್ದು ವಾಸನೆಯಿಂದ. ಒಂದು ದಿನ ನಮ್ಮವರು ಯಾರ ಜೊತೆಗೋ ಗಾಳಿಯ ವಿಚಾರ ಮಾತಾಡುತ್ತಾ ನಿಂತಿದ್ದರು. ಅತ್ತೆ ಮೂಗರಳಿಸಿ, “ಅಂದಾನಿ, ಏನೋ ಸುಟ್ಟ ವಾಸನಿ ಬರಾಕತ್ತೈತಿ” ಎಂದರು. ರೊಟ್ಟಿಯ ಅಂಚು ಬೇ ಎಂದು ಇವರು ನಕ್ಕರು. ಅತ್ತೆ ಬಗ್ಗಿ ನೋಡಿದರೆ ಸುಡುತ್ತಿದ್ದದ್ದು ರೊಟ್ಟಿಯಲ್ಲ. ಮಗನ ಹೆಬ್ಬೆರಳು ಕಾದ ಹೆಂಚಿನ ಅಂಚಿಗೆ ಒರಗಿಕೊಂಡಿತ್ತು, ಮಗ ಇನ್ನೂ ನಗುತ್ತಿದ್ದ. ಅತ್ತೆ ಕಿರುಚಿದ ಮೇಲೆ ಕೈ ಎಳೆದುಕೊಂಡರು. ಬೊಬ್ಬೆ ಎದ್ದಿತ್ತು. ನೋಯುತ್ತಿದೆಯೇ ಎಂದರೆ ಇಲ್ಲ ಎಂದರು. ಆ “ಇಲ್ಲ” ಕೇಳಿ ಅತ್ತೆಯ ಮುಖ ಬೂದಿಯಾಯಿತೆಂದು ಅಲ್ಲಿದ್ದವರು ಹೇಳಿದರು.

ಮಧ್ಯಾಹ್ನ ಅತ್ತೆ ಕೋಲು ಊರಿಕೊಂಡು ನನ್ನ ಕೋಣೆಗೆ ಬಂದರು. ಸುತ್ತು ಬಳಸಿ ಮಾತಾಡುವ ಅಭ್ಯಾಸ ಅವರಿಗಿಲ್ಲ. “ನನ್ನ ಮಗಗ ಏನಾಗೇತಿ, ಖರೇ ಹೇಳ” ಎಂದರು. ನಾನು ಎಲ್ಲ ಹೇಳಿದೆ, ಅವರ ಮಗ ಕೊಟ್ಟ ಉತ್ತರವನ್ನೂ ಹೇಳಿದೆ. ಅತ್ತೆ, “ಹಂಗಾರ ನಾ ಸತ್ರ ಅವನ ಬೆರಳು ಉಳೀತಾವಂದಂಗಾತು” ಎಂದರು. “ಅತ್ತೀ, ಬಾಯಾಗ ಒಳ್ಳೇ ಮಾತು ಬರ್ಲಿ” ಎಂದು ಗದರಿದೆ. ಅವರು ಕೋಲು ಎತ್ತಿಕೊಂಡು, “ಸಾಯಾಕ ನಾ ಏನ್ ತಯಾರಿಲ್ಲ ತಗೋ. ಈ ಸಲದ ಶೇಂಗಾ ಹೋಳಿಗಿ ಇನ್ನ ತಿಂದಿಲ್ಲ” ಎಂದು ಹೊರಟುಹೋದರು.

ಮರುದಿನ ಬೆಳಗ್ಗೆ ಒಲೆಮನೆ ತುಂಬಿತ್ತು. ನಮ್ಮವರು ಎಂದಿನಂತೆ ಒಲೆಯ ಮುಂದೆ ಬಂದು ತಾಯಿಗೆ ಗದ್ದ ಕೊಟ್ಟರು. ಅತ್ತೆ ತೆಗೆದುಕೊಳ್ಳಲಿಲ್ಲ. ಹಿರಿಯರು ತೆಗೆದುಕೊಳ್ಳದೆ ಕೂತರೆ ಮುನಿಸೆಂದು ಅರ್ಥ. ರೊಟ್ಟಿ ಬಡಿಯುವ ಸದ್ದು ಒಂದೊಂದಾಗಿ ನಿಂತುಹೋಯಿತು. ಇವರು ಗಾಬರಿಯಾಗಿ ತಲೆ ಎತ್ತಿದರು. ಅತ್ತೆ ಕುರ್ಚಿಯಿಂದ ಇಳಿದು, ಮಗನ ಎದುರು ಬಂದು ನಿಂತು, ಯಾರ ಮುಂದೆಯೂ ಬಾಗಿ ಎಷ್ಟೋ ಕಾಲವಾಗಿದ್ದ ಆ ಕುತ್ತಿಗೆಯನ್ನು ಬಾಗಿಸಿ ಗದ್ದವನ್ನು ಎದೆಗಿಟ್ಟರು. ಇವರು “ಯವ್ವಾ, ಏನ್ ಮಾಡಾಕತ್ತಿ!” ಎಂದು ತಾವೂ ಬಾಗಲು ಹೋದರು. ಅತ್ತೆ ತಲೆ ಎತ್ತದೆಯೇ ಕೈ ಚಾಚಿ ಮಗನ ಹಣೆಯನ್ನು ತಡೆದರು. “ಬಾಗಬ್ಯಾಡ. ನಾ ಕೊಟ್ಟೇನಿ, ನೀ ತಗೋ. ನೀ ತಗೊಳ್ಳೂ ತನಕ ನಾ ತಲಿ ಎತ್ತಂಗಿಲ್ಲ.” ಆ ವಯಸ್ಸಿನ ಕುತ್ತಿಗೆ ಹಾಗೆ ನಿಂತರೆ ಏನಾಗುತ್ತದೆಂದು ಅಲ್ಲಿ ನನ್ನಷ್ಟು ಗೊತ್ತಿದ್ದವರು ಬೇರೆ ಇರಲಿಲ್ಲ. ತಡೆಯಲು ಕಾಲೆತ್ತಿದೆ, ಆದರೆ ಹೋಗಲಿಲ್ಲ. ಅತ್ತೆಯ ಕೋಲು ನಡುಗುತ್ತಿತ್ತು. ನಮ್ಮವರು ಎರಡು ಕಣ್ಣಲ್ಲೂ ನೀರು ಸುರಿಸುತ್ತಾ, ತಲೆ ನೆಟ್ಟಗಿಟ್ಟು, ಗದ್ದವನ್ನು ಹಿಂದಕ್ಕೆ ಎಳೆದುಕೊಂಡರು. “ಇನ್ನಷ್ಟು ಹಿಂದಕ್ಕ” ಎಂದರು ಅತ್ತೆ, ನೆಲ ನೋಡುತ್ತಲೇ. ಅವರು ಇನ್ನಷ್ಟು ಎಳೆದುಕೊಂಡ ಮೇಲೆ ಅತ್ತೆ ತಲೆ ಎತ್ತಿ, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. “ನಾ ಇದ್ದಾಗನಽ ನನ್ನ ಮಗ ಗದ್ದ ತಗೊಂಡ. ಸತ್ತೇನೇನ ನಾ? ಇಲ್ಲೇ ಅದೀನಿ. ನಡೀರಿ, ರೊಟ್ಟಿ ಆರಾಕತ್ತಾವು.”

ಅಂದಿನಿಂದ ಅದು ದಿನಾ ನಡೆಯುತ್ತಿದೆ. ಬೆಳಗ್ಗೆ ಒಮ್ಮೆ ಅಷ್ಟೇ ಅಲ್ಲ, ಮನಸ್ಸಿಗೆ ಬಂದಾಗೆಲ್ಲ ಅತ್ತೆ ಕುರ್ಚಿಯಲ್ಲೇ ಕೂತು ಮಗನಿಗೆ ಗದ್ದ ಕೊಡುತ್ತಾರೆ. ಹಿಟ್ಟಿನ ಕೈಯಲ್ಲೇ ಅವರು ತೆಗೆದುಕೊಳ್ಳಬೇಕು. ಉಳಿದವರು ಕೊಟ್ಟಾಗ ತೆಗೆದುಕೊಳ್ಳಲೂ ತಾಯಿಯೇ ಕಣ್ಣಿನಲ್ಲಿ ಅಪ್ಪಣೆ ಕೊಡುತ್ತಾರೆ. ಓಣಿಯಲ್ಲಿ ಇದರ ಬಗ್ಗೆ ಆಡಿಕೊಳ್ಳದವರಿಲ್ಲ. ಫಕ್ಕೀರವ್ವನಿಗೆ ತಲೆ ಕೆಟ್ಟಿದೆ ಎಂದು ಕೆಲವು ಹಿರಿಯರು ನಮ್ಮ ಒಲೆಮನೆ ಬಿಟ್ಟು ಪಕ್ಕದ ಓಣಿಗೆ ಊಟಕ್ಕೆ ಹೋಗುತ್ತಿದ್ದಾರೆ. ಅಲ್ಲಿಯ ರೊಟ್ಟಿ ದಪ್ಪ, ಎಷ್ಟು ದಿನ ತಿನ್ನುತ್ತಾರೋ ನೋಡೋಣ. ಶಿವಗಂಗಾಳ ಅತ್ತೆ ಮಾತ್ರ ಯಾರೂ ಇಲ್ಲದಾಗ ಸೊಸೆಗೆ ಒಮ್ಮೆ ಗದ್ದ ಕೊಟ್ಟು, ಇಬ್ಬರೂ ನಾಚಿಕೊಂಡು ನಕ್ಕರಂತೆ. ನನ್ನ ಅತ್ತೆಗೆ ಈಗ ಕುತ್ತಿಗೆ ನೋಯುತ್ತದೆ. ಸಂಜೆ ಬಿಸಿ ನೀರಿನ ಬಟ್ಟೆ ಇಡುವಾಗ ಸಾಕು ಮಾಡಿ ಎಂದರೆ, “ಇಷ್ಟು ವರ್ಷ ತಗೊಂಡೇನಿ, ಕೊಡೂದೆಂಗಂತ ನಾನೂ ನೋಡ್ತೇನಿ” ಎನ್ನುತ್ತಾರೆ.

ನಮ್ಮವರ ಗೋಡೆಯ ಸಂದು ಕಡಿಮೆಯಾಗಿದೆ. ಭುಜದ ಸೆಳೆತ ಇಳಿದಿದೆ. ಆದರೆ ಬೆರಳುಗಳು ಇನ್ನೂ ಮರದ ತುಂಡಿನ ಹಾಗಿವೆ. ಸೂಜಿಯಿಂದ ಚುಚ್ಚಿದರೆ ಯಾವುದನ್ನು ಚುಚ್ಚಿದೆ ಎಂದು ಕಣ್ಣಿನಿಂದ ನೋಡಿಯೇ ಹೇಳುತ್ತಾರೆ. ನರ ಬಹಳ ನಿಧಾನದ ಜಾತಿ ಎಂದು ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳುತ್ತೇನೆ; ನನಗೇ ನಂಬಿಕೆ ಸಾಲುತ್ತಿಲ್ಲ. ಡಾಕ್ಟರು ಕೊಟ್ಟ ಗಡುವು ಹತ್ತಿರ ಬಂತು. ಅತ್ತೆ ಇಷ್ಟು ಬಾಗಿಯೂ ಆಗದಿದ್ದರೆ ಆ ಮುದುಕಿಯ ಮುಖವನ್ನು ನಾನು ಹೇಗೆ ನೋಡಲಿ?

ಈಗ ನಿಮ್ಮಿಂದ ಆಗಬೇಕಾದ ಕೆಲಸ. ಗದ್ದ ಎಳೆದುಕೊಳ್ಳುವ ವ್ಯಾಯಾಮ ನಿಮ್ಮ ಕಾಲದಲ್ಲಿ ಇನ್ನೂ ಅಸಲು ರೂಪದಲ್ಲಿದೆ. ದಯವಿಟ್ಟು ಅದನ್ನು ಮಾಡಿ. ಗದ್ದ ಕೆಳಗೆ ಹೋಗಬಾರದು, ಮೇಲೂ ಏಳಬಾರದು, ನೇರವಾಗಿ ಹಿಂದಕ್ಕೆ. ಹಳಸಿದ ಸಾರಿನ ಮುಚ್ಚಳ ತೆಗೆದಾಗ ಮುಖ ತಾನಾಗಿ ಹಿಂದೆ ಸರಿಯುತ್ತದಲ್ಲ, ಹಾಗೆ. ಆದರೆ ಮೂಗು ಮುರಿಯದೆ, ಮೆಲ್ಲಗೆ. ಕೆಲವು ಉಸಿರು ಹಿಡಿದು ಬಿಡಿ. ಮುಂದೊಂದು ದಿನ ಅದು ನಮಸ್ಕಾರವಾಗಲು ಹೊರಟರೆ ತಡೆಯಬೇಡಿ, ಅದು ಒಳ್ಳೆಯ ಉಪಾಯವೇ. ಆದರೆ ದೊಡ್ಡವರು ಚಿಕ್ಕವರು ಇಬ್ಬರೂ ಒಂದೇ ರೀತಿ ಮಾಡುವಂತೆ ನೋಡಿಕೊಳ್ಳಿ. ಯಾರಾದರೂ ಮರ್ಯಾದೆಗೆಂದು ಗದ್ದವನ್ನು ಒಂದು ಬೆರಳು ಕೆಳಗಿಳಿಸಿದರೆ ಅಲ್ಲೇ ತಡೆಯಿರಿ, ಅದು ಎಷ್ಟೇ ಚೆನ್ನಾಗಿ ಕಂಡರೂ. ನೀವು ಮಕ್ಕಳಿಗೆ ಬೆನ್ನು ನೆಟ್ಟಗಿಟ್ಟು ಕೂರು ಎಂದು ಗದರುತ್ತೀರಿ. ಅದೇ ಮಗು ನೆಟ್ಟಗೆ ನಿಂತು ಉತ್ತರ ಕೊಟ್ಟರೆ, ದೊಡ್ಡವರ ಮುಂದೆ ತಲೆ ತಗ್ಗಿಸು ಎಂದೂ ಗದರುತ್ತೀರಿ. ಎರಡರಲ್ಲಿ ಒಂದನ್ನು ಬಿಡಿ. ಯಾವುದನ್ನು ಬಿಡಬೇಕೆಂದು ನಾನು ಹೇಳಬೇಕಾಗಿಲ್ಲ. ಇದನ್ನು ಚಿಕ್ಕವರು ತಾವಾಗಿ ಬಿಡಲಾರರು, ಬಿಟ್ಟರೆ ಸೊಕ್ಕು ಎನ್ನಿಸಿಕೊಳ್ಳುತ್ತಾರೆ. ಹಿರಿಯರೇ ಮೊದಲು ಕುರ್ಚಿ ಇಳಿಯಬೇಕು.

ಇಲ್ಲಿಗೆ ಮುಗಿಸಿ ಸಹಿ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಒಲೆಮನೆಯಿಂದ ನಮ್ಮವರು ಚೀರಿದ್ದು ಕೇಳಿಸಿತು. ಅತ್ತೆಗೇ ಏನೋ ಆಯಿತೆಂದು ಬರಿಗಾಲಿನಲ್ಲಿ ಓಡಿದೆ. ಒಲೆಯ ಮುಂದೆ ನಮ್ಮವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಣಿಯುತ್ತಿದ್ದರು. ಹೆಬ್ಬೆರಳು ಕೆಂಪಗಾಗಿತ್ತು. “ಸುಟ್ಟಿತು ಬೇ! ಯವ್ವಾ, ಸುಟ್ಟಿತು!” ಎಂದು ಅಳುತ್ತಿದ್ದರು, ನಗುತ್ತಿದ್ದರು, ನನಗೆ ಯಾವುದು ಎಂದು ತಿಳಿಯಲಿಲ್ಲ. ತಣ್ಣೀರಿನ ಪಾತ್ರೆ ತಂದು ಕೈ ಅದ್ದಿಸಿದೆ. ತೋರುಬೆರಳು ಇನ್ನೂ ಮಂಕಾಗಿಯೇ ಇದೆ, ಹೆಬ್ಬೆರಳು ಬಂದಿದೆ. ಅದ್ದಿದ ಕೈಯನ್ನು ಅವರು ಮತ್ತೆ ಮತ್ತೆ ಹೊರತೆಗೆದು, ಉರಿ ಇದೆಯೇ ಎಂದು ನೋಡಿಕೊಂಡು, ಇದೆ ಎಂದು ಗೊತ್ತಾದ ಮೇಲೆ ಮತ್ತೆ ಅದ್ದುತ್ತಿದ್ದರು. ಅತ್ತೆ ಕುರ್ಚಿಯಿಂದ ಬಗ್ಗಿ ಕೇಳಿದರು, “ಭಾಳ ಉರೀತೈತೇನೋ?”

“ಭಾಳ ಉರೀತೈತಿ ಬೇ.”

“ಉರೀಲಿ, ನನ್ನಪ್ಪ. ಉರೀಲಿ” ಎಂದು ಆ ತಾಯಿ ಮಗನ ತಲೆಯ ಮೇಲೆ ಕೈ ಇಟ್ಟರು.

ನಾನು ಏಳಬೇಕು. ಹಿಟ್ಟು ನಾದಿದ್ದು ಹಾಗೇ ಇದೆ, ಓಣಿ ಹಸಿದು ಕೂತಿದೆ, ಇವತ್ತಿನ ರೊಟ್ಟಿ ಬಡಿಯುವ ಪಾಳಿ ನನ್ನದು.

ಕಳಕವ್ವ
ಗಾಳಿ ಓಣಿಯ ಕೊರಳಕ್ಕ